ಪಿಂಟ್ಯಾನ ಟ್ರಕ್ಕು, ಬ್ಯಾಟರಿ, ಮತ್ತೆ ನನ್ನ ಗಾದಿ

ಎಲ್ಲರಿಗೂ ನಮಸ್ಕಾರ. ಧಾರವಾಡದ ತಂಗಿ ಬೆಳಿಗ್ಗೆ ಗ್ರೂಪಿನಲ್ಲಿ ಕೇಳಿದ್ದಾಳೆ. ಪಿಂಟ್ಯಾ ಮೇಲಿನ ಖೋಲಿಯಲ್ಲಿ ಕೂತು ಕಲ್ಲು ಹತ್ತುವ ರಿಮೋಟ್ ಟ್ರಕ್ಕು ಕಟ್ಟುತ್ತಿದ್ದಾನೆ, ಅದರ ಬ್ಯಾಟರಿ ಪೂರಿ ಉಬ್ಬಿದ ಹಾಗೆ ಸ್ವಲ್ಪ ಉಬ್ಬಿದೆ, ಕೇಳಿದರೆ ಏನೂ ಆಗಲ್ಲ ಅಂತಾನೆ, ರಾತ್ರಿ ಚಾರ್ಜಿಗೆ ಹಾಕಿ ಮಲಗುತ್ತಾನೆ, ನನಗೆ ಹೆದರಿಕೆ ಆಗ್ತಿದೆ, ಗೊತ್ತಿದ್ದವರು ಹೇಳಿ ಅಂತ. ಅದಕ್ಕೆ ಒಬ್ಬರು ಕೈ ಮುಗಿದ ಚಿತ್ರ ಹಾಕಿದ್ದೀರಿ. ಇನ್ನೊಬ್ಬರು ಬ್ಯಾಟರಿಗೆ ನಿಂಬೆಹಣ್ಣು ಕಟ್ಟು ಅಂತ ನಗೆ ಮಾಡಿದ್ದೀರಿ. ಗದಗಿನಲ್ಲಿ ಅತ್ತಿ ಇನ್ನೂ ಇದ್ದಾಳೆ ಅಂತ ಯಾರಿಗೂ ನೆನಪಾಗಲಿಲ್ಲ. ಇರಲಿ. ನನಗೆ ಟೈಪ್ ಮಾಡಲು ಕಣ್ಣು ಹಿಡಿಯುವುದಿಲ್ಲ. ಫೋನಿಗೆ ಹೇಳುತ್ತೇನೆ, ಅದೇ ಬರೆದುಕೊಳ್ಳುತ್ತದೆ. ತಪ್ಪು ಬಿದ್ದಲ್ಲಿ ತಿದ್ದಿಕೊಂಡು ಓದಿ.

ತಂಗಿ, ಮಲಗುವಾಗ ಆ ಬ್ಯಾಟರಿ ಚಾರ್ಜಿಗೆ ಹಾಕಬಾರದು. ಎದುರಿಗೆ ಒಬ್ಬರು ಕೂತಿರಬೇಕು. ಯಾರೂ ಇಲ್ಲದಾಗ ಹಾಕಲೇಬಾರದು. ಯಾಕೆ ಅಂತ ಹೇಳುತ್ತೇನೆ ಕೇಳು. ಹಳೆಯವರಿಗೆಲ್ಲ ಗೊತ್ತು, ನೀನು ಆಗಿನ್ನೂ ನಮ್ಮ ಮನೆತನಕ್ಕೆ ಬಂದಿರಲಿಲ್ಲ.

ನಮ್ಮ ಮೈದುನನ ಮಗ, ಈಗ ಪುಣೆಯಲ್ಲಿದ್ದಾನಲ್ಲ, ಅವನೇ. ಆಗ ಕಾಲೇಜು. ಥರ್ಮಾಕೋಲಿನ ವಿಮಾನ ಮಾಡಿ ಹಾರಿಸುವ ಹುಚ್ಚು. ಪಂಚಮಿಗೆ ಅಂತ ಗದಗಿಗೆ ಬಂದ, ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದು ಚೀಲದ ತುಂಬ ವೈರು. ನಮ್ಮ ಪಡಸಾಲೆ ನಿಮಗೆಲ್ಲ ಗೊತ್ತೇ ಇದೆ. ಮೂಲೆಯಲ್ಲಿ ಗಾದಿಗಳನ್ನು ಒಟ್ಟಿರುತ್ತೇವೆ, ಪ್ಲಗ್ಗು ಅದರ ಪಕ್ಕಕ್ಕೇ. ಅವನು ಬ್ಯಾಟರಿಯನ್ನು ಗಾದಿಯ ಮೇಲೆ ಇಟ್ಟ, ಚಾರ್ಜರ್ ಹಚ್ಚಿದ, ಜೋಕಾಲಿ ಆಡಲು ಹೋದ.

ಅದು ಎರಡು ಸೆಲ್ಲಿನ ಬ್ಯಾಟರಿ. ಲಿಥಿಯಂ ಪಾಲಿಮರ್, ಚಿಕ್ಕದಾಗಿ ಲಿಪೋ ಅಂತಾರೆ, ಪಿಂಟ್ಯಾನ ಹತ್ತಿರ ಇರುವುದೂ ಅದೇ. ಅದಕ್ಕೆ ದಪ್ಪ ವೈರು ಒಂದು ಜೋಡಿ ಇರುತ್ತದೆ, ಗಾಡಿಗೆ ಕರೆಂಟು ಕೊಡುವುದು ಅದು. ಪಕ್ಕದಲ್ಲಿ ಮೂರು ಎಳೆಯ ಸಣ್ಣ ಬಿಳಿ ಪಿನ್ ಇರುತ್ತದೆ. ಯಾವ ಸೆಲ್ಲು ಎಷ್ಟು ತುಂಬಿದೆ ಅಂತ ಚಾರ್ಜರಿಗೆ ತಿಳಿಸುವುದು ಅದರ ಕೆಲಸ. ಬ್ಯಾಲೆನ್ಸ್ ಪಿನ್ ಅಂತ ಹೆಸರು. ಮಹಾಶಯ ಅದನ್ನು ಹಾಕಿರಲಿಲ್ಲ. ಮೇಲಾಗಿ ಚಾರ್ಜರಿನಲ್ಲಿ 3 ಸೆಲ್ ಅಂತ ಇತ್ತು. ದೊಡ್ಡ ವಿಮಾನದ ಬ್ಯಾಟರಿಗೆ ಇಟ್ಟದ್ದು ಹಾಗೇ ಉಳಿದಿತ್ತು. ಒಂದು ಸೆಲ್ಲಿಗೆ 4.2 ವೋಲ್ಟ್ ಆಯಿತು ಅಂದರೆ ತುಂಬಿತು, ಎರಡಕ್ಕೆ 8.4. 3 ಸೆಲ್ ಅಂತ ಇಟ್ಟರೆ ಅದು 12.6 ವೋಲ್ಟ್ ತನಕ ತುಂಬಲು ನೋಡುತ್ತದೆ. ತುಂಬಬೇಕಾದ್ದು 8.4, ಅದು ತುಂಬಲು ಹೊರಟಿದ್ದು 12.6. ಇದೆಲ್ಲ ಆಮೇಲೆ ಅವನ ಬಾಯಿಂದ ಹೊರಡಿಸಿದ್ದು.

ನಾನು ಒಳಗೆ ಶೇಂಗಾ ಉಂಡಿ ಕಟ್ಟುತ್ತಿದ್ದೆ. ಬಿಸಿ ಇದ್ದಾಗಲೇ ಕಟ್ಟಬೇಕು, ಆರಿದರೆ ಪಾಕ ಗಟ್ಟಿಯಾಗುತ್ತದೆ, ಬಿಟ್ಟು ಏಳುವ ಹಾಗಿಲ್ಲ. ಮೂಗಿಗೆ ಒಂದು ವಾಸನೆ ಬಂತು. ಸಿಹಿ ಸಿಹಿ, ಉಗುರಿನ ಬಣ್ಣ ಅಳಿಸುವ ಔಷಧಿ ಇದೆಯಲ್ಲ, ಆ ಥರ. ಮೋಟರಿನ ಕಾಯಿಲ್ ಸುಟ್ಟ ವಾಸನೆ ನನಗೆ ಗೊತ್ತು, ವಾರ್ನಿಷ್ ವಾಸನೆ ಗೊತ್ತು. ಇದು ಎರಡೂ ಅಲ್ಲ. ಎದ್ದು ಪಡಸಾಲೆಗೆ ಬಂದೆ. ಬ್ಯಾಟರಿಯ ಮೇಲಿನ ನೀಲಿ ಪ್ಲಾಸ್ಟಿಕ್ ಬಿರಿದಿತ್ತು, ಒಳಗಿನ ಬೆಳ್ಳಿ ಬಣ್ಣದ ಚೀಲ ಬಿಗಿದು ನಿಂತಿತ್ತು. ಒಂದು ಮೂಲೆಯಿಂದ ಸುಂಯ್ ಅಂತ ಬಿಳಿ ಹೊಗೆ. ಓಡಿ ಹೋಗಿ ಸ್ವಿಚ್ ಆರಿಸಿದೆ. ತಿರುಗುವುದರೊಳಗೆ ಭಗ್ ಅಂತ ಹತ್ತಿತು.

ಸ್ವಿಚ್ ಆರಿಸಿದರೆ ನಿಲ್ಲುತ್ತದೆ ಅಂತ ತಿಳಿಯಬೇಡಿ. ಒಮ್ಮೆ ಹೊಗೆ ಬಿಡಲು ಶುರು ಮಾಡಿದ ಮೇಲೆ ಒಳಗಿದ್ದದ್ದು ಪೂರ್ತಿ ಉರಿದೇ ತೀರುತ್ತದೆ. ಅದೃಷ್ಟಕ್ಕೆ ಬಾಗಿಲ ಮುಂದೆ ಪ್ಲಾಸ್ಟರಿಗೆ ಅಂತ ಇಳಿಸಿದ ಉಸುಕು ಇತ್ತು. ಬುಟ್ಟಿ ತುಂಬಿ ತಂದು ತಂದು ಸುರಿದೆ. ವೈನಿ ಕೊಡ ಎತ್ತಿಕೊಂಡು ಬಂದರು, ಪ್ಲಗ್ಗಿನ ಹತ್ತಿರ ನೀರು ಬೇಡ್ರೀ ಅಂತ ಚೀರಿದೆ. ಬ್ಯಾಟರಿ ಉಸುಕಿನ ಅಡಿಗೆ ಸುಮ್ಮನಾಯಿತು. ಗಾದಿ ಸುಮ್ಮನಾಗಲಿಲ್ಲ. ಅರಳೆ ನೋಡಿ, ಮೇಲೆ ಆರಿದ ಹಾಗೆ ಕಾಣುತ್ತದೆ, ಒಳಗೊಳಗೇ ಕೆಂಡ. ಹಿತ್ತಲಿಗೆ ಎಳೆದು, ಇಳಿಗೆಯಿಂದ ಸೀಳಿ, ನೀರು ಹೊಯ್ದರೂ ಸಂಜೆಯ ತನಕ ಹೊಗೆ ಬಿಡುತ್ತಿತ್ತು. ಪಡಸಾಲೆಯಲ್ಲಿ ಕ್ಯಾಲೆಂಡರ್ ಎತ್ತಿ ನೋಡಿ, ಗೋಡೆಯ ಮೇಲೆ ಕರಿ ಇನ್ನೂ ಇದೆ.

ಅದು ಮಧ್ಯಾಹ್ನ. ಎಲ್ಲರೂ ಎಚ್ಚರ ಇದ್ದೆವು. ರಾತ್ರಿ ಅದೇ ಗಾದಿ ಹಾಸಿ ಅಲ್ಲೇ ಮಕ್ಕಳು ಸಾಲಾಗಿ ಮಲಗುತ್ತಿದ್ದರು. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ಪಿಂಟ್ಯಾನಿಗೂ ಓದಿ ತೋರಿಸು: ಮಲಗುವಾಗ ಚಾರ್ಜಿಗೆ ಹಾಕಬಾರದು, ಎದುರಿಗೆ ಕೂತು ಚಾರ್ಜ್ ಮಾಡಬೇಕು. ಬೇಸರ ಬಂದರೆ ಅಲ್ಲೇ ಕೂತು ಪಾಠ ಓದಲಿ.

ಆ ಗಾದಿ ನನ್ನ ತವರಿನಿಂದ ಬಂದದ್ದು. ನಮ್ಮಪ್ಪ ಎದುರಿಗೆ ನಿಂತು ಅರಳೆ ಹಿಂಜಿಸಿ ಮಾಡಿಸಿದ್ದ. ಮೈದುನನ ಕಡೆಯಿಂದ ಒಂದು ಮಾತು ಬಂತಾ? ಹೋಗಲಿ ಬಿಡಿ ವೈನಿ, ಹುಡುಗನಿಗೆ ಏನೂ ಆಗಲಿಲ್ಲವಲ್ಲ ಅಂದರು. ಹುಡುಗ ಜೋಕಾಲಿ ಮೇಲೆ ಇದ್ದ, ಅವನಿಗೆ ಏನಾಗಬೇಕು? ಕೈ ಸುಟ್ಟುಕೊಂಡವಳು ನಾನು. ಹೊಸ ಗಾದಿ ಬೇಡ, ಗಾದಿಯ ಬಗ್ಗೆ ಒಂದು ಮಾತು ಆಡಬಹುದಿತ್ತು. ಇದು ಗ್ರೂಪಿನಲ್ಲಿ ಹೇಳುವುದಲ್ಲ, ಆದರೂ ಹೇಳುತ್ತೇನೆ. ಅವರೂ ಈ ಗ್ರೂಪಿನಲ್ಲಿದ್ದಾರೆ, ಓದಲಿ.

ಈ ಮನೆತನದಲ್ಲಿ ನನ್ನ ಕೆಲಸದ್ದೂ ಅದೇ ಕತೆ. ನಮ್ಮ ಮೋಟರ್ ರಿಪೇರಿ ಅಂಗಡಿಯ ಪೂಜೆ ಇಟ್ಟಾಗ ನಿಮ್ಮ ಮಾಮಾರಿಗೆ, ಅಂದರೆ ನಮ್ಮ ಮನೆಯವರಿಗೆ, ಶಾಲು ಹೊದಿಸಿದಿರಿ, ಅವರ ಕೈಗುಣ ದೊಡ್ಡದು ಅಂತ ಭಾಷಣ ಮಾಡಿದಿರಿ. ಮಾಡಲಿ, ಬೇಡ ಅನ್ನುವುದಿಲ್ಲ. ಕಾಯಿಲ್ ಯಾರು ಸುತ್ತಿದ್ದು? ಬೇಸಿಗೆ ಬಂತು ಅಂದರೆ ರೋಣ, ನರಗುಂದ, ಮುಂಡರಗಿ ಕಡೆಯಿಂದ ಪಂಪಿನ ಮೋಟರುಗಳು ಸುಟ್ಟು ಬರುತ್ತಿದ್ದವು. ವೋಲ್ಟೇಜ್ ಇರುವುದಿಲ್ಲ, ಮೂರರಲ್ಲಿ ಒಂದು ಫೇಸ್ ಹೋಗಿರುತ್ತದೆ, ರೈತ ಪಾಪ ಬೆಳೆ ಒಣಗುತ್ತದೆ ಅಂತ ಓಡಿಸುತ್ತಾನೆ, ಕಾಯಿಲ್ ಸುಡುತ್ತದೆ. ಸುಟ್ಟ ತಂತಿ ಕಡಿದು, ಸುತ್ತು ಎಣಿಸಿ, ಗೇಜ್ ಅಳೆದು, ಹೊಸ ತಂತಿಯನ್ನು ಫರ್ಮಾ ಮೇಲೆ ಸುತ್ತಿ, ಸ್ಲಾಟಿನೊಳಗೆ ಒಂದೊಂದೇ ಎಳೆ ಕೂರಿಸುವುದು. ಮೇಲಿನ ಲೇಪ ಗೀರಿದರೆ ಮುಗಿಯಿತು, ಶಾರ್ಟ್. ಅಡುಗೆ ಮುಗಿಸಿ ಆ ಕೆಲಸ ಮಾಡುತ್ತಿದ್ದವಳು ನಾನು. ಮಾಮಾ ಗಿರಾಕಿಗಳ ಜೊತೆ ಚಹಾ ಕುಡಿಯುತ್ತಿದ್ದರು. ಅವರು ಪಕ್ಕದಲ್ಲೇ ಕೂತು ಕೇಳುತ್ತಿದ್ದಾರೆ, ಇಲ್ಲ ಅನ್ನಲಿ ನೋಡೋಣ.

ಹಿಂಗಿರುವಾಗ ಮೋಟರ್ ಯಾವುದು ಹಾಕಲಿ ಅಂತ ಪಿಂಟ್ಯಾ ಯಾರನ್ನು ಕೇಳಿದ? ಬೆಂಗಳೂರಿನ ಕಾಕಾನನ್ನು. ಅವರು ಬ್ರಶ್‌ಲೆಸ್ (ಒಳಗೆ ಕಾರ್ಬನ್ ಬ್ರಶ್ ಇಲ್ಲದ ಮೋಟರ್) ಹಾಕು, ಬಾಣದ ಹಾಗೆ ಓಡುತ್ತದೆ ಅಂದರಂತೆ. ಕಲ್ಲು ಹತ್ತುವ ಗಾಡಿ ಓಡಿ ಎಲ್ಲಿಗೆ ಹೋಗಬೇಕು? ಅದು ನಡಿಗೆಗಿಂತ ನಿಧಾನ ಹೋಗಬೇಕು. ಬಂಡೆಗೆ ಗಾಲಿ ಹಚ್ಚಿ, ತಡೆದು, ಹಿಡಿದು, ಏರಬೇಕು. ಅದಕ್ಕೆ 540 ಸೈಜಿನ ಬ್ರಶ್ ಮೋಟರ್ ಸಾಕು. ಅದರ ಮೇಲೆ 35ಟಿ, 45ಟಿ, 55ಟಿ ಅಂತ ಬರೆದಿರುತ್ತಾರೆ. ಟಿ ಅಂದರೆ ಸುತ್ತು. ನಮ್ಮ ಪಂಪಿನಲ್ಲಿ ಕಾಯಿಲ್ ಹೊರಗಿನ, ತಿರುಗದ ಸ್ಟೇಟರಿಗೆ ಇರುತ್ತದೆ, ಇದರಲ್ಲಿ ಒಳಗೆ ತಿರುಗುವ ಆರ್ಮೇಚರಿಗೆ ಇರುತ್ತದೆ, ಅದೊಂದು ಫರಕು. ಸುತ್ತು ಜಾಸ್ತಿ ಆದರೆ ತಂತಿ ಸಣ್ಣ ಹಾಕಬೇಕು, ತಿರುಗುವುದು ನಿಧಾನ, ಕರೆಂಟ್ ಕಡಿಮೆ ಎಳೆಯುತ್ತದೆ, ಹಗೂರಕ್ಕೆ ಕೈ ಕೊಟ್ಟರೂ ಸರಿಯಾಗಿ ಮಾತು ಕೇಳುತ್ತದೆ. ಅವನಿಗೆ 45 ಅಥವಾ 55 ತಗೊಳ್ಳಲು ಹೇಳು. ಒಂದು ಮಾತು ಗಟ್ಟಿಯಾಗಿ ಹೇಳು. ಗಾಲಿ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಾಗ ಬೆರಳು ಒತ್ತಿ ಹಿಡಿದುಕೊಂಡು ನಿಲ್ಲಬಾರದು. ತಿರುಗದ ಮೋಟರಿಗೆ ಕರೆಂಟ್ ಕೊಟ್ಟರೆ ಅದು ಪೂರ್ತಿ ಬಿಸಿ ಆಗಿ ಹೋಗುತ್ತದೆ. ಪಂಪಿನ ಒಳಗೆ ಹೂಳು ಸಿಕ್ಕಾಗಲೂ ಅದೇ ಆಗುವುದು.

ಗಾಡಿಯ ಫೋಟೋ ನೋಡಿದೆ. ಸ್ಲೈಡಿಂಗ್ ಕಿಟಕಿ ಮಾಡುವವರ ಹತ್ತಿರ ಉಳಿದ ಅಲ್ಯೂಮಿನಿಯಂ ಎಲ್ ಪಟ್ಟಿ ತಂದು ಚಾಸಿ ಮಾಡಿದ್ದಾನೆ. ಜಾಣ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 313 ಮಿಲಿಮೀಟರ್ ಇಟ್ಟಿದ್ದಾನಂತೆ, 10ಕ್ಕೆ 1ರ ಅಳತೆಯ ಗಾಡಿಗೆ ಅದು ಸರಿ. ಆದರೆ ಮೇಲೆ ತಗಡಿನ ಕ್ಯಾಬಿನ್ ಯಾಕೆ? ಭಾರ ಮೇಲೆ ಇದ್ದರೆ ಅಡ್ಡ ಇಳಿಜಾರಿನಲ್ಲಿ ಮಗುಚುತ್ತದೆ. ಭಾರ ಬೇಕಾದದ್ದು ಕೆಳಗೆ, ಆಕ್ಸಲ್ಲಿನ ಹತ್ತಿರ, ಅದರಲ್ಲೂ ಮುಂದೆ. ಹಿತ್ತಾಳೆ ತುಂಡು ಬೇಕಾದರೆ ನಮ್ಮಲ್ಲಿ ಇವೆ. ಮತ್ತೆ ಅವನು ಕಪ್ಪತಗುಡ್ಡಕ್ಕೆ ತಗೊಂಡು ಹೋಗುತ್ತೇನೆ ಅಂದನಂತೆ. ಅದು 2019ರಿಂದ ಅಭಯಾರಣ್ಯ, ಆಟ ಆಡುವ ಜಾಗ ಅಲ್ಲ. ಮನೆ ಕಟ್ಟಲು ತಂದ ಕಲ್ಲಿನ ರಾಶಿ ಎಲ್ಲಿ ಬೇಕಾದರೂ ಸಿಗುತ್ತದೆ, ಮಾಲಕರನ್ನು ಕೇಳಿ ಅಲ್ಲಿ ಹತ್ತಿಸಲಿ. ಮಳೆ ಆದ ಮೇಲೆ ಎರಿ ಹೊಲಕ್ಕಂತೂ ಇಳಿಸುವುದು ಬೇಡ, ಆ ಮಣ್ಣು ಗೇರಿಗೆ ಹತ್ತಿದರೆ ಬಿಡಿಸಲು ಆಗುವುದಿಲ್ಲ.

ಹಾಲಿನವ ಬಂದ, ಒಂದು ನಿಮಿಷ.

ಹಾಂ. ಏನು ಹೇಳುತ್ತಿದ್ದೆ? ಅಯ್ಯ, ತಂಗಿ, ನೀನು ಕೇಳಿದ್ದು ಬ್ಯಾಟರಿ ಉಬ್ಬಿದೆ ಅಂತ ಅಲ್ವಾ! ಉಬ್ಬಿದ ಬ್ಯಾಟರಿಯನ್ನು ಹಗಲಲ್ಲೂ ಚಾರ್ಜಿಗೆ ಹಾಕಬಾರದು. ಅದರ ಕತೆ ಮುಗಿಯಿತು. ಈಗಲೇ ಮೇಲೆ ಹೋಗು. ಚಾರ್ಜಿಗೆ ಇದ್ದರೆ ಮೊದಲು ಗೋಡೆಯ ಸ್ವಿಚ್ ಆರಿಸು. ಬಿಸಿ ಇದ್ದರೆ ಮುಟ್ಟಬೇಡ, ಹತ್ತಿರದ ಬಟ್ಟೆ, ಪುಸ್ತಕ ಎಲ್ಲ ಸರಿಸಿ, ಆರುವ ತನಕ ದೂರ ನಿಲ್ಲು. ತಣ್ಣಗಿದ್ದರೆ ಗಾಡಿಯಿಂದ ಬಿಚ್ಚಿ, ವೈರಿನ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತು. ಹಳೆಯ ಮಣ್ಣಿನ ಗಡಿಗೆಯಲ್ಲಿ ಒಣ ಉಸುಕು ಹಾಕಿ ಅದರೊಳಗೆ ಹೂತು, ಬಯಲಲ್ಲಿ ಇಡು. ಸ್ಕೂಟರಿನ ಹತ್ತಿರ ಬೇಡ, ಬಟ್ಟೆ ಒಣಹಾಕುವ ಕಡೆ ಬೇಡ, ಬಾಯಿ ಬಿಗಿಯಾಗಿ ಮುಚ್ಚುವುದೂ ಬೇಡ. ಗಾಳಿ ತೆಗೆಯುತ್ತೇನೆ ಅಂತ ಸೂಜಿ ಚುಚ್ಚಿಗಿಚ್ಚಿ ಬಿಟ್ಟಾನು, ಕಣ್ಣಿಟ್ಟಿರು. ಕಸದ ಗಾಡಿಗೆ ಹಾಕಬೇಡಿ, ಅಲ್ಲಿ ಒತ್ತಿ ತುಂಬುತ್ತಾರೆ, ಒತ್ತಿದರೆ ಬೆಂಕಿ. ಹಳೆಯ ಬ್ಯಾಟರಿ, ಎಲೆಕ್ಟ್ರಾನಿಕ್ ಸಾಮಾನು ತಗೊಳ್ಳುವವರಿಗೆ, ಇದು ಉಬ್ಬಿದ ಲಿಪೋ ಅಂತ ಹೇಳಿ ಕೊಡಿ.

ಯಾಕೆ ಉಬ್ಬಿತು ಅಂತ ನನಗೆ ಒಂದು ಅನುಮಾನ ಇದೆ. ಮೋಟರಿಗೆ ಕರೆಂಟ್ ಬಿಡುವ ಡಬ್ಬಿ ಇದೆಯಲ್ಲ, ಇಎಸ್‌ಸಿ ಅಂತಾರೆ, ಎಷ್ಟೋ ಅಂಥವುಗಳ ಮೇಲೆ ಉಗುರಿನಷ್ಟು ಸಣ್ಣ ಜಂಪರ್ ಇರುತ್ತದೆ, ಕಿತ್ತು ಬೇರೆ ಕಡೆ ಹಾಕುವ ಪುಟ್ಟ ಟೋಪಿ ಥರ. ಒಂದು ಕಡೆ ಲಿಪೋ, ಇನ್ನೊಂದು ಕಡೆ ನಿಕಲ್ ಬ್ಯಾಟರಿ. ಅದು ನಿಕಲ್ ಕಡೆ ಇದ್ದರೆ ಲಿಪೋ ಖಾಲಿ ಆಗುತ್ತಾ ಬಂದರೂ ಗಾಡಿ ನಿಲ್ಲುವುದಿಲ್ಲ, ಹೀರುತ್ತಲೇ ಇರುತ್ತದೆ. ಸೆಲ್ಲು 3 ವೋಲ್ಟಿಗಿಂತ ಕೆಳಗೆ ಇಳಿದರೆ ಕೆಡುತ್ತದೆ, ಅಂಥದ್ದನ್ನು ಮತ್ತೆ ಚಾರ್ಜ್ ಮಾಡಿದರೆ ಉಬ್ಬುತ್ತದೆ. ಅದನ್ನು ನೋಡಲು ಹೇಳು.

ಹೊಸದು ಕೊಡಿಸುವಾಗ, ನನ್ನನ್ನು ಕೇಳಿದರೆ, ಸದ್ಯಕ್ಕೆ 7.2 ವೋಲ್ಟಿನ ನಿಕಲ್ ಬ್ಯಾಟರಿಯೇ ಇರಲಿ. ಸ್ವಲ್ಪ ಭಾರ, ಆದರೆ ಇದು ಹಾರುವ ಗಾಡಿ ಅಲ್ಲವಲ್ಲ. ಚಾರ್ಜರನ್ನೂ ಜಂಪರನ್ನೂ ನಿಕಲ್‌ಗೇ ಇಡಬೇಕು, ನೆನಪಿರಲಿ. ಇಲ್ಲ, ಲಿಪೋನೇ ಬೇಕು ಅಂತ ಹಟ ಹಿಡಿದರೆ ಬ್ಯಾಲೆನ್ಸ್ ಚಾರ್ಜರ್ ಇಲ್ಲದೆ ಕೊಡಿಸಬೇಡ. ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವುದನ್ನು ಎಂಎಎಚ್ ಅಂತ ಬರೆದಿರುತ್ತಾರೆ, 2200 ಎಂಎಎಚ್ ಆದರೆ ಚಾರ್ಜರಿನಲ್ಲಿ 2.2 ಆಂಪಿಯರ್, ಅದಕ್ಕಿಂತ ಜಾಸ್ತಿ ಇಡಬಾರದು. ಆಡಿ ಬಂದ ತಕ್ಷಣ ಹಾಕಬಾರದು, ತಣ್ಣಗಾಗಲಿ. ವಾರಗಟ್ಟಲೆ ಮುಟ್ಟುವುದಿಲ್ಲ ಅಂದರೆ ತುಂಬಿಸಿ ಇಡಬಾರದು, ಸೆಲ್ಲಿಗೆ 3.8 ವೋಲ್ಟಿಗೆ ಇಡಬೇಕು, ಚಾರ್ಜರಿನಲ್ಲಿ ಸ್ಟೋರೇಜ್ ಅಂತ ಇರುತ್ತದೆ. ಚಾರ್ಜಿಗೆ ಇಡುವ ಜಾಗ ಬರೀ ನೆಲ, ಕೆಳಗೆ ಹಂಚು ಅಥವಾ ಕಡಪಾ ಕಲ್ಲು.

ಅವನನ್ನು ಬೈಯಬೇಡ. ಬಿಟ್ಟುಬಿಡು ಅಂತಲೂ ಹೇಳಬೇಡ. ರಜೆಯಲ್ಲಿ ಒಂದು ದಿನ ಗದಗಿಗೆ ಕಳಿಸು. ಮೋಟರಿನ ಸಣ್ಣ ಗೇರಿಗೂ (ಪಿನಿಯನ್) ದೊಡ್ಡ ಗೇರಿಗೂ ನಡುವೆ ಕಾಗದದ ಪಟ್ಟಿ ಇಟ್ಟು ಗ್ಯಾಪ್ ಕೂರಿಸುವುದು ತೋರಿಸುತ್ತೇನೆ. ದಪ್ಪ ವೈರಿನ ಬೆಸುಗೆಗೆ ಅವನ 25 ವಾಟಿನ ಕಬ್ಬಿಣ ಸಾಲುವುದಿಲ್ಲ, ನಮ್ಮ ಅಂಗಡಿಯ ದೊಡ್ಡದು ಇದೆ. ಬರುವಾಗ ಗಾಡಿ, ರಿಮೋಟು ಅಷ್ಟೇ ತರಲಿ, ಬ್ಯಾಟರಿ ಬೇಡ. ನಮ್ಮಲ್ಲಿ ಪವರ್ ಸಪ್ಲೈ ಇದೆ, ಅದರ ಮೇಲೆ ಓಡಿಸಿ ನೋಡೋಣ. ನಿಮ್ಮ ಮಾಮಾ ಚಹಾ ಮಾಡುತ್ತಾರೆ.