ಸಹಾಯ ಬೇಕು: ಆಪ್ತ ಸಮಾಲೋಚಕಿಯ ಸಂಬಳಕ್ಕೆ ಹಣ ಹೊಂದಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿರಾ ತಾಲ್ಲೂಕಿನ ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆ ಇರುವವರ ಮನೆಗಳಿಗೆ ಹೋಗಿಬರುವ ಸಣ್ಣ ಟ್ರಸ್ಟ್ ನಮ್ಮದು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಿಂದ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರನ್ನು ಕಾಣಬಹುದು. ಆದರೆ ರೋಗಿಯನ್ನು ಅಲ್ಲಿಯವರೆಗೆ ಕರೆತರುವುದೇ ಕಷ್ಟ. ಶಕ್ತಿ ಯೋಜನೆಯಿಂದ ತಾಯಿಗೆ ಬಸ್ ಉಚಿತ, ಕಾಯಿಲೆಯ ಮಗನಿಗೆ ಟಿಕೆಟ್ ಬೇಕು. ಮೇಲೆ ಆಕೆಯ ಆ ದಿನದ ಕೂಲಿಯೂ ಹೋಗುತ್ತದೆ. ಮಾತ್ರೆ ನಿಲ್ಲಿಸಿದವರನ್ನು ಮತ್ತೆ ಒಪ್ಪಿಸುವವರು ನಮ್ಮ ಆಪ್ತ ಸಮಾಲೋಚಕಿ. ಅವರ ಸಂಬಳಕ್ಕೇ ಹಣವಿಲ್ಲ.

ಊರಿನ ದಾನಿಗಳು ಶಿಬಿರಕ್ಕೆ, ಊಟಕ್ಕೆ ಧಾರಾಳವಾಗಿ ಕೊಡುತ್ತಾರೆ. ಸಂಬಳ ಎಂದೊಡನೆ ಹಿಂಜರಿಯುತ್ತಾರೆ. ನನಗೆ ಇದು ತೀರಾ ಬೇಸರದ ವಿಷಯ. ಕಟ್ಟಡವಲ್ಲ, ಮನುಷ್ಯರು ತಾನೇ ಇಲ್ಲಿ ಬೇಕಿರುವುದು?

ಟ್ರಸ್ಟ್‌ಗೆ ತೆರಿಗೆ ವಿನಾಯಿತಿ ಕೊಡುವ 12ಎ, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ 80ಜಿ ನೋಂದಣಿ ಇದೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನಮೂನೆಯನ್ನೂ ಸಲ್ಲಿಸಿದ್ದೇವೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ, ಅಂದರೆ ಕಂಪನಿಗಳು ಈ ಹಣ ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ, ಆರೋಗ್ಯ ಸೇವೆಯೂ ಸೇರಿದೆ. ಸಮಾಲೋಚಕರ ಸಂಬಳವನ್ನು ಯೋಜನಾ ವೆಚ್ಚವೆಂದು ಕಂಪನಿಯಿಂದ ಒಪ್ಪಿಸಿಕೊಂಡವರು ಯಾರಾದರೂ ಇದ್ದೀರಾ? ಪ್ರಸ್ತಾವದ ಮಾದರಿ ಕಳುಹಿಸಿದರೆ ದೊಡ್ಡ ಉಪಕಾರ. ತಿಂಗಳಿಗೆ ನೂರಿನ್ನೂರು ರೂಪಾಯಿ ಕೊಡುವ ದಾನಿಗಳ ಬಳಗ ಕಟ್ಟಿದವರೂ ದಯವಿಟ್ಟು ಬರೆಯಿರಿ.