ಕಾಂತಕ್ಷೇತ್ರದಲ್ಲಿ ಅತಿವಾಹಕ ತೆಳುಪದರ: ಟೆರಾಹರ್ಟ್ಸ್ ಅಳತೆ ಮಾಡಿದವರ ಅನುಭವ ಬೇಕಾಗಿದೆ

ಪ್ರಶ್ನೆ: ಸಿಲಿಕಾನ್ ಬಿಲ್ಲೆಯ ಮೇಲಿನ ನಯೋಬಿಯಂ ನೈಟ್ರೈಡ್ (ಬಹಳ ತಂಪಾದಾಗ ವಿದ್ಯುತ್ತನ್ನು ತಡೆಯಿಲ್ಲದೆ ಹರಿಯಬಿಡುವ, ಅಂದರೆ ಅತಿವಾಹಕವಾಗುವ ವಸ್ತು) ಪದರದ ಮೂಲಕ ಟೆರಾಹರ್ಟ್ಸ್ ಬೆಳಕು (ಮೈಕ್ರೋವೇವ್‌ಗೂ ಅವಕೆಂಪಿಗೂ ನಡುವಿನ ಅಲೆಗಳು) ಎಷ್ಟು ಹಾಯುತ್ತದೆ ಎಂಬುದನ್ನು 4 ಕೆಲ್ವಿನ್‌ನಲ್ಲಿ ಅಳೆಯುತ್ತಿದ್ದೇನೆ. ಪದರಕ್ಕೆ ಲಂಬವಾಗಿ 1 ಟೆಸ್ಲಾ ಕಾಂತಕ್ಷೇತ್ರವನ್ನು ಕೊಟ್ಟು ಮತ್ತೆ ಸೊನ್ನೆಗೆ ಇಳಿಸಿದರೆ, ಯಾವ ಆವರ್ತನದಲ್ಲಿ ಬೆಳಕು ಎಷ್ಟು ಹಾಯುತ್ತದೆಂದು ತೋರಿಸುವ ಮೊದಲಿನ ರೇಖೆ ಮರಳಿ ಬರುತ್ತಿಲ್ಲ. ಪದರ ಕೆಟ್ಟಿದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಪದರ ಕೆಟ್ಟಿರುವ ಸಂಭವ ಕಡಿಮೆ. ಲಂಬವಾದ ಕ್ಷೇತ್ರವು ಪದರದೊಳಕ್ಕೆ ಸುಳಿಗಳಾಗಿ (ಸುತ್ತಲೂ ವಿದ್ಯುತ್ ಸುತ್ತುವ ಸಣ್ಣ ಕಾಂತಕ್ಷೇತ್ರದ ಎಳೆಗಳಾಗಿ) ಇಳಿಯುತ್ತದೆ; ಪ್ರತಿ ಸುಳಿಯ ನಟ್ಟನಡುವೆ, ಕೆಲವೇ ನ್ಯಾನೊಮೀಟರ್ ಅಗಲದಲ್ಲಿ, ಅತಿವಾಹಕತೆ ಅಳಿದು ಲೋಹದ ಸಾಮಾನ್ಯ ಸ್ಥಿತಿ ಉಳಿದಿರುತ್ತದೆ. 1 ಟೆಸ್ಲಾದಲ್ಲಿ ನೆರೆಹೊರೆಯ ಸುಳಿಗಳ ನಡುವಿನ ದೂರ ಸುಮಾರು 49 ನ್ಯಾನೊಮೀಟರ್ ಆದರೆ, 1 ಟೆರಾಹರ್ಟ್ಸ್ ಬೆಳಕಿನ ತರಂಗಾಂತರ 300 ಮೈಕ್ರೊಮೀಟರ್ ಇರುವುದರಿಂದ, ಆ ಬೆಳಕಿಗೆ ಸುಳಿಗಳು ಬಿಡಿಬಿಡಿಯಾಗಿ ತೋರದೆ ಇಡೀ ಪದರವೇ ಲೋಹವೂ ಅತಿವಾಹಕವೂ ಬೆರೆತ ಒಂದು ಮಾಧ್ಯಮದಂತೆ ವರ್ತಿಸುತ್ತದೆ. ಅತಿವಾಹಕತೆ ಮೂಡುವ ತಾಪ 14 ಕೆಲ್ವಿನ್ ಆಗಿದ್ದರೆ ಶಕ್ತಿಯ ಅಂತರ (ಅತಿವಾಹಕತೆಗೆ ಕಾರಣವಾದ ಎಲೆಕ್ಟ್ರಾನ್ ಜೋಡಿಗಳನ್ನು ಒಡೆಯಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 1.2 ಟೆರಾಹರ್ಟ್ಸ್‌ಗೆ ಬೀಳುತ್ತದೆ. ಅದರ ಬಳಿ ಕಾಣುವ ಪಾರಗಮನದ (ಬೆಳಕು ಹಾಯುವ ಪ್ರಮಾಣದ) ಶಿಖರ ಕ್ಷೇತ್ರ ಹೆಚ್ಚಿದಂತೆ ತಗ್ಗುತ್ತದೆ. ಕ್ಷೇತ್ರವನ್ನು ತೆಗೆದರೂ ಪದರದ ದೋಷಗಳಿಗೆ ಅಂಟಿಕೊಂಡ ಸುಳಿಗಳು ಹೊರಹೋಗುವುದಿಲ್ಲ. ನಿಮ್ಮ ರೇಖೆ ಮರಳದಿರಲು ಇದೇ ಕಾರಣವೆಂದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2: ನಾನೂ ಮೊದಲು ತಂಪಿನಲ್ಲೇ ಕ್ಷೇತ್ರವನ್ನು ಏರಿಸಿ ಇಳಿಸಿ ಅಳೆದಿದ್ದೆ. ಏರಿಕೆಯ ಅಂಕಿಗಳಿಗೂ ಇಳಿಕೆಯ ಅಂಕಿಗಳಿಗೂ ಹೊಂದಿಕೆಯಾಗದೆ, ಎಲ್ಲವನ್ನೂ ಕೈಬಿಟ್ಟು ಹೊಸದಾಗಿ ಅಳೆಯಬೇಕಾಯಿತು. ಆಮೇಲೆ ಪ್ರತಿ ಅಳತೆಗೂ ಪದರವನ್ನು ಅತಿವಾಹಕತೆ ಅಳಿಯುವಷ್ಟು ಬಿಸಿಮಾಡಿ, ಬೇಕಾದ ಕ್ಷೇತ್ರವನ್ನು ನಿಲ್ಲಿಸಿ, ಅದರಲ್ಲೇ ತಂಪುಗೊಳಿಸುವ ಕ್ರಮ ಹಿಡಿದೆ. ಸಮಯವೂ ಹೀಲಿಯಂ ಕೂಡ ಹೆಚ್ಚು ಖರ್ಚಾಗುತ್ತವೆ, ಆದರೆ ಸುಳಿಗಳು ಪದರದ ಉದ್ದಗಲಕ್ಕೂ ಸಮನಾಗಿ ಹರಡುತ್ತವೆ. ಹೋಲಿಕೆಗೆ ಬೇರೆ ಬಿಲ್ಲೆಯನ್ನು ಬಳಸದೆ, ಇದೇ ಪದರವನ್ನು ಅತಿವಾಹಕತೆ ಮೂಡುವ ತಾಪಕ್ಕಿಂತ ಸ್ವಲ್ಪ ಮೇಲೆ ಅಳೆದುಕೊಳ್ಳಿ.

ಉತ್ತರ 3: ಸಾಧ್ಯವಾದರೆ ಕ್ಷೇತ್ರವನ್ನು ಪದರಕ್ಕೆ ಸಮಾಂತರವಾಗಿಯೂ ಕೊಟ್ಟು ನೋಡಿ. ಪದರವು ಕೆಲವೇ ನ್ಯಾನೊಮೀಟರ್ ದಪ್ಪವಿದ್ದರೆ ಸುಳಿಗೆ ಜಾಗವೇ ಇರುವುದಿಲ್ಲ. ಆಗ ಕ್ಷೇತ್ರವು ಎಲೆಕ್ಟ್ರಾನ್ ಜೋಡಿಗಳನ್ನೇ ದುರ್ಬಲಗೊಳಿಸಿ ಶಕ್ತಿಯ ಅಂತರವನ್ನು ಕುಗ್ಗಿಸುತ್ತದೆ. ಬೆಳಕು ಕ್ಷೇತ್ರಕ್ಕೆ ಅಡ್ಡಲಾಗಿ ಬರಬೇಕಾದ್ದರಿಂದ ಆಯಸ್ಕಾಂತದ ಪಕ್ಕದಲ್ಲೂ ಕಿಟಕಿ ಇರಬೇಕು. ಇನ್ನೊಂದು ಎಚ್ಚರಿಕೆ: ಅರ್ಧ ಮಿಲಿಮೀಟರ್ ಸಿಲಿಕಾನ್‌ನೊಳಗಿನ ಪ್ರತಿಫಲನದಿಂದ ಸುಮಾರು 88 ಗಿಗಾಹರ್ಟ್ಸ್‌ಗೊಮ್ಮೆ ಏರಿಳಿತ ಕಾಣುತ್ತದೆ, ಅದನ್ನು ಕ್ಷೇತ್ರದ ಪರಿಣಾಮವೆಂದು ತಿಳಿಯಬೇಡಿ.