ಸ್ಕಾಟ್ಲೆಂಡ್‌ನ ಕಲ್ಲಿನ ವೃತ್ತಗಳಲ್ಲಿ ನಿಜವಾಗ್ಲೂ ಕೋರ್ಟ್ ನಡೀತಿತ್ತಾ?

ಕಲ್ಲುಪ್ರೇಮಿ:
ಎಲ್ಲರಿಗೂ ನಮಸ್ಕಾರ. ನಾನಿರೋದು ಆಬರ್ಡೀನ್‌ನಲ್ಲಿ, ಇಲ್ಲಿ ಸುತ್ತಮುತ್ತ ಹೊಲಗಳ ಮಧ್ಯೆ ಹಳೇ ಕಾಲದಲ್ಲಿ ನಿಲ್ಸಿರೋ ಕಲ್ಲಿನ ವೃತ್ತಗಳು ತುಂಬಾ ಇವೆ. ಓಲ್ಡ್ ರೇನ್ ಅನ್ನೋ ಹಳ್ಳಿ ಹತ್ರ ಇರೋದನ್ನ ನೋಡೋಕೆ ಹೋದಾಗ ಊರಿನವ್ರೊಬ್ರು ಹಿಂದೆ ಇಲ್ಲಿ ಕೋರ್ಟ್ ನಡೀತಿತ್ತು ಅಂದ್ರು. ಹಾಗಾದ್ರೆ ಇವನ್ನ ನಿಲ್ಸಿದ್ದೇ ನ್ಯಾಯ ತೀರ್ಮಾನಕ್ಕಾ, ಇಲ್ಲಾ ಬರೀ ಕಟ್ಟುಕಥೆನಾ?

ಹಳೇಕಡತ:
ಕಟ್ಟುಕಥೆ ಅಲ್ಲ, ದಾಖಲೆ ಇದೆ. 1349ರ ಮೇ 2ರಂದು ರಾಸ್‌ನ ಅರ್ಲ್ ವಿಲಿಯಂ, ಅವ್ನು ರಾಜನ ಕಡೆಯ ಮುಖ್ಯ ನ್ಯಾಯಾಧಿಕಾರಿ, ಅದೇ ಕಲ್ಲುಗಳ ಹತ್ರ ಕೋರ್ಟ್ ನಡ್ಸಿದ್ದ, ಆಬರ್ಡೀನ್ ಬಿಷಪ್ಪರ ಆಸ್ತಿ ತಕರಾರು ಬಂದಿತ್ತು. ಆದ್ರೆ ನಿಲ್ಸಿದ್ದು ಅದಕ್ಕಲ್ಲ. ಅಷ್ಟೊತ್ತಿಗೆ ಆ ಕಲ್ಲುಗಳಿಗೆ ಮೂರು ಸಾವಿರ ವರ್ಷದ ಮೇಲಾಗಿತ್ತು. 1856ರಲ್ಲಿ ಅಗೆದಾಗ ನಡುವಿನ ಗುಂಡೀಲಿ ಸುಟ್ಟ ಮೂಳೆ, ಬಿಲ್ಲುಗಾರರು ಮಣಿಕಟ್ಟಿಗೆ ಕಟ್ಕೊಳ್ಳೋ ಕಲ್ಲಿನ ಪಟ್ಟಿ ಸಿಕ್ವು, ಅಂದ್ರೆ ಮೊದ್ಲು ಅದು ಸತ್ತವರಿಗೆ ಸೇರಿದ ಜಾಗ. ನನಗನ್ಸೋದು, ಸುತ್ತಲ ಹಳ್ಳಿಯವ್ರಿಗೆಲ್ಲ ಗೊತ್ತಿರೋ ಜಾಗ, ಇಂಥಾ ಕಡೆ ಬನ್ನಿ ಅಂದ್ರೆ ಯಾರೂ ದಾರಿ ತಪ್ಪಲ್ಲ, ತೀರ್ಪು ಎಲ್ಲರ ಕಣ್ಣೆದುರೇ ಆಗುತ್ತೆ, ಅದಕ್ಕೇ ಆರಿಸ್ಕೊಂಡಿರ್ಬೇಕು.

ಮಲೆನಾಡಿಗ:
ಇದಕ್ಕಿಂತ ಸ್ಕಾಟ್ಲೆಂಡ್‌ನದೇ ಕಿಂಗುಸಿ ಅನ್ನೋ ಊರಿನ ಕೇಸ್ ನೋಡಿ ಸರ್, ನಂಗೆ ಬಹಳ ಇಷ್ಟ. 1380ರ ಅಕ್ಟೋಬರ್‌ನಲ್ಲಿ ಬೇಡನಾಕ್‌ನ ಒಡೆಯ ಅಲೆಕ್ಸಾಂಡರ್ ಸ್ಟೀವರ್ಟ್ ಅಲ್ಲಿನ ನಿಲ್ಸಿದ ಕಲ್ಲುಗಳಲ್ಲಿ ಕೋರ್ಟ್ ಕರೆದ, ಮೊರೇ ಬಿಷಪ್ ಅಲೆಕ್ಸಾಂಡರ್ ಬರ್ ತನ್ನ ಜಮೀನಿನ ಹಕ್ಕುಪತ್ರ ತೋರಿಸ್ಬೇಕು ಅಂತ. ಬಿಷಪ್ ಬಂದ್ರು, ಆದ್ರೆ ವೃತ್ತದ ಹೊರಗೇ ನಿಂತು ನಿಮ್ ಕೋರ್ಟನ್ನ ನಾನು ಒಪ್ಪಲ್ಲ ಅಂದ್ರು. ಒಳಗೆ ಕಾಲಿಟ್ರೆ ಅವನ ಅಧಿಕಾರ ಒಪ್ಕೊಂಡ ಹಾಗಾಗುತ್ತಲ್ಲ! ಇವರಿಬ್ರ ಜಗಳ ಅಲ್ಲಿಗೇ ನಿಲ್ಲಲಿಲ್ಲ, 1390ರಲ್ಲಿ ಇದೇ ಸ್ಟೀವರ್ಟ್ ಎಲ್ಜಿನ್ ಕೆಥೆಡ್ರಲ್‌ಗೆ ಬೆಂಕಿ ಇಡ್ಸಿದ.

ಸುಮ್ನೆಓದುಗ:
ಅಥೆನ್ಸ್‌ನ ಅರಿಯೋಪಾಗಸ್ ಬಂಡೆ ಬಗ್ಗೆನೂ ಓದಿ. ಅಲ್ಲಿ ಕೊಲೆ ಕೇಸ್‌ಗಳು ಬಯಲಲ್ಲೇ ನಡೀತಿದ್ದಿದ್ದು, ಕೊಲೆಗಾರನ ಜೊತೆ ಒಂದೇ ಸೂರಿನಡಿ ಕೂತ್ರೆ ಅವನ ಮೈಲಿಗೆ ತಮಗೂ ತಟ್ಟುತ್ತೆ ಅಂತ. ಪ್ರಾಚೀನ ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಬರೆದಿರೋ ಪ್ರಕಾರ ಎರಡು ಒರಟು ಕಲ್ಲಿದ್ವು, ಆರೋಪಿ ನಿಲ್ಲೋದು ದೌರ್ಜನ್ಯದ ಕಲ್ಲಿನ ಮೇಲೆ, ದೂರು ಕೊಟ್ಟವನು ನಿಲ್ಲೋದು ನಿರ್ದಾಕ್ಷಿಣ್ಯದ ಕಲ್ಲಿನ ಮೇಲೆ. ದೂರು ಕೊಟ್ಟವನಿಗೂ ಅಂಥಾ ಹೆಸರಿನ ಕಲ್ಲು ಕೊಟ್ಟಿದ್ರಲ್ಲ, ಅದು ನನ್ನನ್ನ ತುಂಬಾ ಕಾಡುತ್ತೆ.

ಕಲ್ಲುಪ್ರೇಮಿ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇಂಥಾ ಕಲ್ಲುಗಳ ಬಗ್ಗೆ ಕೇಳಿದ್ರೆ ಸಾಕು ಡ್ರೂಯಿಡ್‌ಗಳ (ಹಳೇ ಕೆಲ್ಟಿಕ್ ಜನರ ಪುರೋಹಿತರು) ಬಲಿಪೀಠ ಅಂತಾರೆ, 1349ರ ಈ ಆಸ್ತಿ ತಕರಾರನ್ನ ಹೇಳೋದು ಬಿಟ್ಟು! @ಮಲೆನಾಡಿಗ, ಕಿಂಗುಸಿ ಕೇಸ್ ಕೊನೆಗೆ ಏನಾಯ್ತು?

ಮಲೆನಾಡಿಗ:
ಸ್ಟೀವರ್ಟ್ ಬಿಷಪ್ಪರ ವಿರುದ್ಧ ತೀರ್ಪು ಕೊಟ್ಟ, ಆದ್ರೆ ಮಾರನೇ ದಿನವೇ ಅದನ್ನ ತಾನೇ ರದ್ದು ಮಾಡಿದ, ಬಿಷಪ್ಪರ ಜಮೀನು ಉಳೀತು.